23 ಕಿಲೋ ಪೆಟ್ಟಿಗೆ, ಇಡೀ ರಾತ್ರಿಯ ಆಟ

ವಿಮಾನದಲ್ಲಿ ಹೊರದೇಶಕ್ಕೆ ಹೊರಟವರಿಗೆ ಒಂದು ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 23 ಕಿಲೋ ಒಯ್ಯಲು ಬಿಡುತ್ತಾರೆ. ಯಕ್ಷಗಾನದ ವೇಷಭೂಷಣ ಬಾಡಿಗೆಗೆ ಕೊಟ್ಟು, ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕೂತು ವೇಷ ಕಟ್ಟುವುದು ನನ್ನ ಕಸುಬು. ಅಪ್ಪಯ್ಯನದೂ ಅದೇ. ಬ್ರಹ್ಮಾವರದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಒಂದು ಬದಿಗೆ ಮರದ ಪೆಟ್ಟಿಗೆಗಳು, ಇನ್ನೊಂದು ಬದಿಗೆ ಈಚೆಗೆ ಬಂದ ಗಾಲಿಯ ಸೂಟ್‌ಕೇಸುಗಳು. ಕಿರೀಟ, ಭುಜಕೀರ್ತಿ, ಎದೆಕಟ್ಟು ಎಲ್ಲ ಹಗುರ ಮರದಲ್ಲಿ ಕೆತ್ತಿ ಬೇಗಡೆ ಅಂಟಿಸಿ ಕನ್ನಡಿ ಚೂರು ಕೂರಿಸಿದವು. ಹಗುರವಾದರೂ ಜಾಗ ತಿನ್ನುತ್ತವೆ, ಒತ್ತಿದರೆ ಮುರಿಯುತ್ತವೆ. ಗೆಜ್ಜೆ ಜಾಗ ತಿನ್ನುವುದಿಲ್ಲ, ಭಾರ. ಚೆಂಡೆ ಮದ್ದಳೆಗೆ ಬೇರೆಯೇ ಟಿಕೆಟ್ಟು ಬೇಕೇನೋ ಅನ್ನುವಷ್ಟು ತಾಪತ್ರಯ. ಯಾವುದನ್ನು ತುಂಬುವುದು, ಯಾವುದನ್ನು ಮನೆಯಲ್ಲೇ ಬಿಡುವುದು ಎಂದು ಕೂತು ಯೋಚಿಸುವಾಗೆಲ್ಲ ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಎದುರಾಗುತ್ತದೆ. ಸಾಮಾನಿನ ಭಾರ ಇಳಿಸಬಹುದು. ಆಟದಿಂದ ಏನನ್ನು ಇಳಿಸಬೇಕು?

ತಿರುಗಾಟ ನಮಗೆ ಹೊಸತಲ್ಲ. ಮಂದರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ, ಪೆರ್ಡೂರು ಮೇಳಗಳು ದೀಪಾವಳಿ ಕಳೆದ ಮೇಲೆ ಹೊರಟರೆ ಮಳೆ ಹಿಡಿಯುವವರೆಗೆ ಇವತ್ತು ಒಂದು ಊರು, ನಾಳೆ ಇನ್ನೊಂದು. ಬೆಳಗಾದರೆ ರಂಗಸ್ಥಳ ಬಿಚ್ಚಿ ಲಾರಿಗೆ ಹಾಕುವುದು, ಸಂಜೆ ಮತ್ತೆ ಕಟ್ಟುವುದು. ಆದರೆ ಬೈಂದೂರಿನ ಗದ್ದೆಯಿಂದ ಬಾರಕೂರಿನ ಗದ್ದೆಗೆ ಹೋದಾಗ ಕೆಳಗೆ ಕೂತವರು ಬದಲಾಗುವುದಿಲ್ಲ. ಕೌರವ ಯಾರು, ಕೃಷ್ಣ ಯಾರು ಎಂದು ಅವರಿಗೆ ಹೇಳಬೇಕಾಗಿಲ್ಲ. ಕಡಲು ದಾಟಿದ ಕೂಡಲೇ ಆ ಒಂದು ಆಧಾರ ಹೋಗುತ್ತದೆ.

ಹೀಗೆ ಊರು ಬಿಟ್ಟು ಅಪರಿಚಿತರ ಎದುರು ಆಡುವುದನ್ನು ಒಂದು ವಿದ್ಯೆಯನ್ನಾಗಿ ಬೆಳೆಸಿದವರು ಬ್ರಿಟನ್ನಿನ ಸಣ್ಣ ಪ್ರಯೋಗಶೀಲ ನಾಟಕ ತಂಡಗಳು. ಇಂಥ ತಂಡಗಳ ರಂಗಭೂಮಿಗೆ ಅಲ್ಲಿ ಫ್ರಿಂಜ್ ಎನ್ನುತ್ತಾರೆ. 1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ದೊಡ್ಡ ಅಂತರರಾಷ್ಟ್ರೀಯ ಉತ್ಸವ ಶುರುವಾಯಿತು. ಎರಡನೆಯ ಮಹಾಯುದ್ಧ ಮುಗಿದು ಎರಡೇ ವರ್ಷ ಆಗಿತ್ತು. ಆ ಉತ್ಸವಕ್ಕೆ ಕರೆಯದೇ ಇದ್ದ ಎಂಟು ತಂಡಗಳು ತಾವಾಗಿಯೇ ಬಂದು, ಸಿಕ್ಕ ಸಭಾಂಗಣಗಳಲ್ಲಿ ನಾಟಕ ಆಡಿದವು. ಆ ಎಂಟು ತಂಡಗಳ ಹಟದಿಂದ ಹುಟ್ಟಿದ್ದು ಇವತ್ತು ಪ್ರತಿ ಆಗಸ್ಟಿನಲ್ಲಿ ಸಾವಿರಾರು ಪ್ರದರ್ಶನಗಳ ಜಾತ್ರೆ. ಯಾರು ಆಡಬೇಕು, ಯಾರು ಆಡಬಾರದು ಎಂದು ಆರಿಸುವ ಒಂದು ಸಮಿತಿ ಅಲ್ಲಿಲ್ಲ. ಜಾಗ ಹಿಡಿದು ಖರ್ಚು ಹೊತ್ತವರು ಯಾರೂ ಆಡಬಹುದು.

ಮಗಳು ಗ್ಲಾಸ್ಗೋದಲ್ಲಿ ಇರುವುದರಿಂದ ನನಗೆ ಅದನ್ನು ಕಾಣುವ ಅವಕಾಶ ಸಿಕ್ಕಿತು. ಒಂದು ಹಳೆಯ ಇಗರ್ಜಿಯ ನೆಲಮಾಳಿಗೆ, ಪ್ಲಾಸ್ಟಿಕ್ ಕುರ್ಚಿಗಳು, ಕೂತವರು ಹತ್ತು ಹನ್ನೆರಡು ಮಂದಿ. ಒಬ್ಬಳೇ ನಟಿ, ಒಂದು ಸೂಟ್‌ಕೇಸು. ಅದೇ ಸೂಟ್‌ಕೇಸು ಮೇಜಾಯಿತು, ದೋಣಿಯಾಯಿತು, ಕೊನೆಗೆ ಅವಳ ತಾಯಿಯ ಶವಪೆಟ್ಟಿಗೆಯೂ ಆಯಿತು. ಒಂದು ಗಂಟೆಯೊಳಗೆ ಮುಗಿಯಿತು. ಮುಗಿದದ್ದೇ ತಡ, ಅವಳೇ ಬಟ್ಟೆ ಮಡಚಿದಳು, ಅವಳೇ ತಂತಿ ಸುತ್ತಿದಳು. ಹೊರಗೆ ಮುಂದಿನ ತಂಡದವರು ಸಾಮಾನು ಹಿಡಿದು ಕಾಯುತ್ತಿದ್ದರು. ಒಂದೇ ಕೋಣೆಯಲ್ಲಿ ಬೆಳಗಿನಿಂದ ನಡುರಾತ್ರಿಯವರೆಗೆ ತಂಡದ ಹಿಂದೆ ತಂಡ. ನಡುವೆ ಕಾಲು ಗಂಟೆ ಸಿಕ್ಕಿದರೆ ಹೆಚ್ಚು. ದೀಪಗಳನ್ನು ಎಲ್ಲರಿಗೂ ಸೇರಿ ಒಮ್ಮೆ ಕಟ್ಟಿರುತ್ತಾರೆ, ಅದರಲ್ಲೇ ಸುಧಾರಿಸಿಕೊಳ್ಳಬೇಕು. ಮಗಳು ಕೇಳಿದಳು, "ಹ್ಯಾಂಗಿತ್ತ್ ಅಪ್ಪಯ್ಯ?" ನನಗೆ ಇಂಗ್ಲಿಷ್ ಅರ್ಧ ಹೋಗಿತ್ತು. ಆದರೆ ಆ ಹೆಂಗಸು ತನ್ನ ಆಟದಲ್ಲಿ ಏನು ಬೇಕು ಏನು ಬೇಡ ಎಂದು ಒಂದೊಂದು ವಸ್ತುವಿಗೂ ಲೆಕ್ಕ ಹಾಕಿದ್ದಾಳೆ ಎಂಬುದು ವೇಷ ಕಟ್ಟುವವನಿಗೆ ಅರ್ಥವಾಗದೇ ಹೋಗುವುದಿಲ್ಲ. ನನಗೆ ಅವಳ ಮೇಲೆ ಬಹಳ ಗೌರವ ಬಂತು.

ಅಲ್ಲಿಂದ ಅವರು ಹೊರದೇಶಕ್ಕೆ ಹೋಗುವುದು ಹೇಗೆ? ಎಡಿನ್‌ಬರೊ ಒಂದು ಸಂತೆಯೂ ಹೌದು. ಬೇರೆ ಬೇರೆ ದೇಶಗಳ ಉತ್ಸವ ನಡೆಸುವವರು ಬಂದು ನೋಡಿ, ಇಷ್ಟವಾದ ತಂಡವನ್ನು ತಮ್ಮಲ್ಲಿಗೆ ಕರೆಯುತ್ತಾರೆ. ಬ್ರಿಟಿಷ್ ಕೌನ್ಸಿಲ್ 1997ರಿಂದ ಇದಕ್ಕೆಂದೇ ಎರಡು ವರ್ಷಕ್ಕೊಮ್ಮೆ ಆಯ್ದ ನಾಟಕಗಳನ್ನು ಹೊರದೇಶದ ಆಹ್ವಾನಿತರಿಗೆ ತೋರಿಸುವ ಏರ್ಪಾಡು ಮಾಡಿತು. 1983ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಾಂಪ್ಲಿಸಿಟೆ ಎಂಬ ತಂಡ 1985ರಲ್ಲಿ ಎಡಿನ್‌ಬರೊದಲ್ಲಿ ದೊಡ್ಡ ಬಹುಮಾನ ಗೆದ್ದು, ಮುಂದೆ ಜಗತ್ತಿನಾದ್ಯಂತ ತಿರುಗಿತು. ಗಣಿತಜ್ಞ ರಾಮಾನುಜನ್ ಬದುಕಿನ ಸುತ್ತ ಹೆಣೆದ ನಾಟಕವನ್ನು ಅವರು 2010ರಲ್ಲಿ ಭಾರತಕ್ಕೂ ತಂದು, ಗಣಿತಜ್ಞರ ವಿಶ್ವ ಸಮ್ಮೇಳನ ನಡೆಯುತ್ತಿದ್ದ ಹೈದರಾಬಾದಿನಲ್ಲಿ ಆಡಿದರು. ನನಗೆ ಇನ್ನೂ ಹತ್ತಿರ ಅನಿಸಿದ್ದು ಫುಟ್ಸ್‌ಬಾರ್ನ್. 1971ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಎಂಬ ಕಡಲತಡಿಯ ಸೀಮೆಯ ಒಂದು ಕೊಟ್ಟಿಗೆಯಲ್ಲಿ ಶುರುವಾದ ಈ ತಂಡ ಡೇರೆ ಹಾಕಿಕೊಂಡು ಊರೂರು ಸುತ್ತಿ, ಕೊನೆಗೆ ಫ್ರಾನ್ಸಿನಲ್ಲಿ ನೆಲೆಸಿತು. ಕೇರಳದ ನಟರನ್ನು ಸೇರಿಸಿಕೊಂಡು ಶೇಕ್ಸ್‌ಪಿಯರನ 'ಟೆಂಪೆಸ್ಟ್' ಕೂಡ ಆಡಿದ್ದಾರೆ. ಇಂಗ್ಲಿಷರಲ್ಲೂ ಡೇರೆ ಮೇಳ ಇದೆ ಎಂದು ತಿಳಿದಾಗ ಸಾಲಿಗ್ರಾಮ ಮೇಳದ ಡೇರೆಯೊಳಗೆ ಬೆಳೆದ ನನಗೆ ಆದ ಖುಷಿ ಸಣ್ಣದಲ್ಲ.

ಆದರೆ ನಮ್ಮ ಸೀಮೆಯಲ್ಲಿ ಆಟವನ್ನು ಹೊರಗಿನವರಿಗೆ ಒಗ್ಗಿಸುವ ಪ್ರಯೋಗ ನಡೆದ ದಾರಿ ಬೇರೆ. ಇಲ್ಲಿ ಅದನ್ನು ಮಾಡಿದವರು ಒಬ್ಬ ಮನುಷ್ಯ, ನಮ್ಮ ಕೋಟದವರು.

ಶಿವರಾಮ ಕಾರಂತರು 1902ರಲ್ಲಿ ಕೋಟದಲ್ಲಿ ಹುಟ್ಟಿದರು. ಕಾದಂಬರಿಕಾರರೆಂದು ಇಡೀ ನಾಡಿಗೆ ಗೊತ್ತು. ಆಟದವರಿಗೆ ಅವರು ಬೇರೆಯೇ ಕಾರಣಕ್ಕೆ ದೊಡ್ಡವರು. 'ಯಕ್ಷಗಾನ ಬಯಲಾಟ' ಎಂಬ ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಪುಸ್ತಕ ಬರೆಯುವುದಕ್ಕೆಂದು ಅವರು ಮನೆ ಮನೆ ತಿರುಗಿ ಪ್ರಸಂಗದ ಹಸ್ತಪ್ರತಿ ಹುಡುಕಿದರು, ಹಳೆಯ ಭಾಗವತರನ್ನು ಕೂರಿಸಿಕೊಂಡು ಮರೆಯಾಗುತ್ತಿದ್ದ ರಾಗಗಳನ್ನು ಹಾಡಿಸಿದರು, ಹಳೆಯ ವೇಷಗಳ ರೀತಿ ಕೇಳಿ ತಿಳಿದರು. ಇದೆಲ್ಲ ಆದ ಮೇಲೆಯೇ ಅವರು ಯಕ್ಷಗಾನವನ್ನು ಕತ್ತರಿಸಲು ಕೈ ಹಾಕಿದ್ದು. ಆ ಕ್ರಮವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ: ಮೊದಲು ಇಡಿಯಾಗಿ ತಿಳಿಯುವುದು, ಕತ್ತರಿ ಆಮೇಲೆ.

ಅವರು ಕಡಿದದ್ದು ಸಣ್ಣದಲ್ಲ. ಸಂಜೆ ಕೇಳಿ ಬಡಿದು, ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಂದು ಪೂರ್ವರಂಗ ಮುಗಿಸಿ, ಒಡ್ಡೋಲಗ ಕೊಟ್ಟು, ಬೆಳಗಿನ ಮಂಗಳದವರೆಗೆ ಹರಿಯುವ ಆಟ ಎರಡು ಎರಡೂವರೆ ಗಂಟೆಗೆ ಇಳಿಯಿತು. ಮಾತನ್ನು ಪೂರ್ತಿ ತೆಗೆದರು. ಭಾಗವತರ ಪದ್ಯ, ಚೆಂಡೆ ಮದ್ದಳೆ, ಕುಣಿತ, ಅಭಿನಯ ಇಷ್ಟೇ ಉಳಿದವು. ಹಿಮ್ಮೇಳಕ್ಕೆ ಪಿಟೀಲು ಮತ್ತು ಸ್ಯಾಕ್ಸೊಫೋನ್ ಸೇರಿಸಿದರು. ವೇಷದಲ್ಲಿ ಮಾತ್ರ ಅವರು ಹಿಂದಕ್ಕೆ ಹೋದರು. ನಾಟಕ ಕಂಪನಿಗಳ ಪ್ರಭಾವದಿಂದ ಡೇರೆ ಮೇಳಗಳಿಗೆ ಹೊಕ್ಕಿದ್ದ ಮಖಮಲ್ಲು, ಮಿನುಗುವ ಬಟ್ಟೆಗಳನ್ನು ತಳ್ಳಿ ಹಳೆಯ ಮುಂಡಾಸು, ಹಳೆಯ ಬಣ್ಣಗಳ ಸೀರೆಯನ್ನು ಮರಳಿ ತಂದರು. ಹೊಸದು ಮಾಡುವವರು ಹಳೆಯದನ್ನು ಬಿಡುತ್ತಾರೆ ಎಂದು ತಿಳಿದವರಿಗೆ ಇದು ತಬ್ಬಿಬ್ಬಾಗುವ ಸಂಗತಿ. ನನ್ನ ಕಸುಬಿನವರಿಗೆ ಕಾರಂತರಿಂದ ಆದ ಉಪಕಾರ ಇದು: ಮುಂಡಾಸು ಕಟ್ಟುವ ಕೈಗಳಿಗೆ ಮತ್ತೆ ಬೆಲೆ ಬಂತು.

ಅಪ್ಪಯ್ಯನ ಜತೆ ನಾನು ಕಾರಂತರ ತಂಡದ ಆಟ ಕಂಡಿದ್ದೇನೆ. ಹಿಂದೆ ಬರುವಾಗ ಅಪ್ಪಯ್ಯ ಹೇಳಿದ್ದು, "ಕುಣ್ತ ಕಂಡ್ರೆ ಕಣ್ಣ್ ತುಂಬತ್ತ್. ಆರೆ ಅರ್ಥ ಇಲ್ದಿರೆ ಎಂತದೋ ಒಂದ್ ಬಾಕಿ." ಊರಿನ ಹಿರಿಯರಲ್ಲಿ ಬಹಳ ಜನರ ದೂರು ಅದೇ ಆಗಿತ್ತು. ಅರ್ಥ ಎಂದರೆ ಪದ್ಯ ಮುಗಿದ ಮೇಲೆ ವೇಷಧಾರಿ ಆ ಕ್ಷಣಕ್ಕೆ ಹುಟ್ಟಿಸಿಕೊಂಡು ಆಡುವ ಮಾತು, ಎದುರಾಳಿಯ ಮಾತಿಗೆ ಕೊಡುವ ಉತ್ತರ; ಇದಕ್ಕಾಗಿಯೇ ನಿದ್ದೆ ಬಿಟ್ಟು ಕೂತವರು ಅವರು. ಕಾರಂತರ ವಾದಕ್ಕೂ ಬಲವಿತ್ತು. ಮಾತು ಬೆಳೆದು ಬೆಳೆದು ಕುಣಿತವನ್ನೂ ಹಾಡನ್ನೂ ನುಂಗುತ್ತಿತ್ತು; ಕನ್ನಡ ತಿಳಿಯದವರಿಗೆ ಅದು ಬರೀ ಕಾಯುವ ಹೊತ್ತು.

ಕಾರಂತರ ಈ ಪ್ರಯೋಗದ ಬೇರುಗಳೆಲ್ಲ ನಮ್ಮ ಸುತ್ತಮುತ್ತ ಇದ್ದವು. ಬ್ರಹ್ಮಾವರದ ಪಕ್ಕದ ಹಾರಾಡಿ ಮತ್ತು ಮಟಪಾಡಿ, ಎರಡು ಹಳ್ಳಿಗಳ ಹೆಸರಿನಲ್ಲಿ ಎರಡು ಕುಣಿತದ ತಿಟ್ಟುಗಳೇ ಇದ್ದವು. ಹಾರಾಡಿಯ ರಾಮ ಗಾಣಿಗರು, ಮಟಪಾಡಿಯ ವೀರಭದ್ರ ನಾಯಕರು, ನೀಲಾವರದ ರಾಮಕೃಷ್ಣಯ್ಯ ಭಾಗವತರು, ಬೈಂದೂರು ಕಡೆಯ ಮರವಂತೆಯ ನರಸಿಂಹದಾಸ ಭಾಗವತರು, ಇವರೆಲ್ಲ ಕೆಲವೇ ಹರದಾರಿಗಳ ಒಳಗಿನವರು. ಉಡುಪಿಯ ಎಂಜಿಎಂ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು 1970ರ ದಶಕದ ಮೊದಲಿಗೆ ಯಕ್ಷಗಾನ ಕೇಂದ್ರ ಕಟ್ಟಿ, ಇಂಥ ಹಿರಿಯರನ್ನು ಗುರುಗಳಾಗಿ ತಂದು ಕೂರಿಸಿದರು. ಕಾರಂತರ ತಂಡದಲ್ಲಿ ದೇಶ ದೇಶ ಸುತ್ತಿ ಕುಣಿದ ಬನ್ನಂಜೆ ಸಂಜೀವ ಸುವರ್ಣರು ಮುಂದೆ ಅದೇ ಕೇಂದ್ರದಲ್ಲಿ ಗುರುಗಳಾದರು.

ಹೊರಗಿನಿಂದ ಬಂದ ಒಬ್ಬಾಕೆಯನ್ನೂ ಇಲ್ಲಿ ನೆನೆಯಬೇಕು. ಮಾರ್ತಾ ಆಷ್ಟನ್ ಅಮೆರಿಕದವರು. ಯಕ್ಷಗಾನದ ಮೇಲೆ ಪಿಎಚ್‌.ಡಿ. ಮಾಡಲು ಬಂದು, ಓದಿ ಹೋಗುವ ಬದಲು ಗೆಜ್ಜೆ ಕಟ್ಟಿದರು. ಹಿರಿಯಡಕ ಗೋಪಾಲರಾಯರಂಥ ಮದ್ದಳೆಗಾರರ ಬಳಿ ಕಲಿತರು. ಹೆಂಗಸರು ರಂಗಸ್ಥಳಕ್ಕೆ ಹತ್ತುವುದೇ ಅಪರೂಪವಾಗಿದ್ದ ಕಾಲ ಅದು. ಬ್ರೂಸ್ ಕ್ರಿಸ್ಟಿ ಜತೆ ಅವರು ಬರೆದ ಇಂಗ್ಲಿಷ್ ಪುಸ್ತಕ 1977ರಲ್ಲಿ ಬಂತು. ಅದೇ ದಶಕದಲ್ಲಿ ನ್ಯೂಯಾರ್ಕಿನ ಏಷ್ಯಾ ಸೊಸೈಟಿ ದಕ್ಷಿಣ ಕನ್ನಡದ ಯಕ್ಷಗಾನವನ್ನು ಅಮೆರಿಕಕ್ಕೆ ಕರೆಸಿತು. ಆ ಸಂಸ್ಥೆಯ ರಂಗಕಲೆಗಳ ವಿಭಾಗ ನೋಡಿಕೊಳ್ಳುತ್ತಿದ್ದವರು ಬಿಯಾಟೆ ಗಾರ್ಡನ್. ಯುದ್ಧ ಮುಗಿದ ಮೇಲೆ 1946ರಲ್ಲಿ ಜಪಾನಿಗೆ ಹೊಸ ಸಂವಿಧಾನ ಬರೆಯುವಾಗ, ಹೆಂಗಸರಿಗೆ ಸಮಾನ ಹಕ್ಕು ಕೊಡುವ ವಿಧಿಯ ಕರಡು ಬರೆದವರು ಈಕೆ. ಆಗ ಅವರ ವಯಸ್ಸು 22. ಅಂಥವರ ಕಣ್ಣಿಗೆ ನಮ್ಮ ಗದ್ದೆಯ ಆಟ ಬಿದ್ದದ್ದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ.

ಬ್ರಿಟನ್ನಿನ ತಂಡ ತಾನಾಗಿ ಎಡಿನ್‌ಬರೊಕ್ಕೆ ಹೋಗಿ ತನ್ನನ್ನು ತೋರಿಸಿಕೊಳ್ಳುತ್ತದೆ. ನಮ್ಮ ಆಟ ಅಂಥ ಸಂತೆಗೆ ಹೋಗಿ ನಿಂತದ್ದಲ್ಲ. ಯಾರೋ ಬಂದು ವರ್ಷಗಟ್ಟಲೆ ಇದ್ದು, ಉಂಡು, ಕಲಿತು, ಆಮೇಲೆ ಕರೆದುಕೊಂಡು ಹೋದರು. ಈ ದಾರಿ ನಿಧಾನದ್ದು, ಆದರೆ ಕರೆದವರಿಗೆ ತಾವು ಏನನ್ನು ಕರೆಯುತ್ತಿದ್ದೇವೆ ಎಂದು ಗೊತ್ತಿರುತ್ತಿತ್ತು.

ಮಾತು ಉಳಿಸಿಕೊಂಡೇ ಕಡಲು ದಾಟಿದ್ದು ಉಪ್ಪಿನಕುದ್ರಿನ ಗೊಂಬೆಗಳು. ಕುಂದಾಪುರದ ಆಚೆ ನದಿ ನಡುವಿನ ಆ ಕುದ್ರಿನಲ್ಲಿ ಕಾಮತರ ಮನೆತನ ತಲೆಮಾರುಗಳಿಂದ ಯಕ್ಷಗಾನದ ಸೂತ್ರದ ಗೊಂಬೆ ಆಡಿಸುತ್ತಾ ಬಂದಿದೆ. ದೇವಣ್ಣ ಕಾಮತರು, ಅವರ ಮಗ ಕೊಗ್ಗ ಕಾಮತರು, ಈಗ ಭಾಸ್ಕರ ಕೊಗ್ಗ ಕಾಮತರು. ಕೊಗ್ಗ ಕಾಮತರಿಗೆ 1980ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಮರದ ಗೊಂಬೆಗೆ ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲು. ಐದರಿಂದ ಏಳು ದಾರ. ಮೈಮೇಲೆ ನಮ್ಮ ಕಡೆಯ ಶೈಲಿಯಾದ ಬಡಗುತಿಟ್ಟಿನ ವೇಷವೇ, ಸಣ್ಣದಾಗಿ. ಭಾಗವತರು ಹಾಡುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತದೆ, ಗೊಂಬೆ ಹೆಜ್ಜೆ ತಪ್ಪದೆ ಕುಣಿಯುತ್ತದೆ. ನಾನು ಒಮ್ಮೆ ಹಿಂದೆ ನಿಂತು ನೋಡಿದ್ದೇನೆ: ಆಡಿಸುವವರ ಕಾಲಲ್ಲೂ ಗೆಜ್ಜೆ, ಗೊಂಬೆ ಕುಣಿದಂತೆ ಅವರೂ ಕುಣಿಯುತ್ತಿದ್ದರು. ಯೂರೋಪಿನ ಹಲವು ದೇಶಗಳಿಗೆ ಈ ಗೊಂಬೆಗಳು ಹೋಗಿ ಬಂದಿವೆ. ಸಾಮಾನಿನ ದೃಷ್ಟಿಯಿಂದ ಹೇಳುವುದಾದರೆ ಇದಕ್ಕಿಂತ ಜಾಣ ಮೇಳ ಇನ್ನೊಂದಿಲ್ಲ. ಇಡೀ ನರಕಾಸುರ ವಧೆಯ ಪಾತ್ರವರ್ಗ ಪೆಟ್ಟಿಗೆಯಲ್ಲಿ ಮಲಗುತ್ತದೆ, ಪಾಸ್‌ಪೋರ್ಟ್ ಕೇಳುವುದಿಲ್ಲ, ವೀಸಾ ಖರ್ಚಿಲ್ಲ. ಕುದ್ರಿನಲ್ಲಿ ಈಗ ಗೊಂಬೆಯಾಟದ ಅಕಾಡೆಮಿ ಕಟ್ಟಡವೂ ಆಗಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ ಎಂದು ಗುರುತಿನವರಿಗೆಲ್ಲ ಹೇಳುತ್ತಿರುತ್ತೇನೆ.

ಇಷ್ಟು ಆಗುವಾಗ ಹೊರದೇಶದ ಪ್ರೇಕ್ಷಕರೇ ಬೇರೆಯಾದರು. ಕಾರಂತರ ಕಾಲದಲ್ಲಿ ಕೆಳಗೆ ಕೂತವರು ಕನ್ನಡದ ಒಂದು ಅಕ್ಷರ ತಿಳಿಯದವರು. ಈಗ ದುಬೈ, ಬಹರೈನ್, ಲಂಡನ್ ಎಲ್ಲಿ ಆಟವಾದರೂ ಮೊದಲ ಸಾಲಿನಲ್ಲಿ ಕೂರುವವರು ನಮ್ಮ ಶಂಕರನಾರಾಯಣದವರು, ಕೋಟೇಶ್ವರದವರು, ಉಪ್ಪುಂದದವರು. ಅವರಿಗೆ ಕುಣಿತಕ್ಕಿಂತ ಮಾತಿನ ಹಸಿವು. ಹಾಸ್ಯಗಾರ ಒಂದು ಸಲ "ಎಂತ ಮಾರಾಯ್ರೆ" ಅಂದರೆ ಸಾಕು, ಸಭೆಯೇ ಎದ್ದು ಕೂರುತ್ತದೆ. ಕಾರಂತರು ಹೊರಗಿನವರಿಗಾಗಿ ಯಾವುದನ್ನು ತೆಗೆದರೋ ಹೊರಗಿರುವ ನಮ್ಮವರಿಗೆ ಅದೇ ಬೇಕು. ಹಾಗಾಗಿ 'ವಿದೇಶಕ್ಕೆ ಎರಡು ಗಂಟೆ ಸಾಕು, ಕುಣಿತ ಜಾಸ್ತಿ ಇರಲಿ' ಎಂಬ ಒಂದೇ ಅಳತೆ ಇಟ್ಟುಕೊಂಡು ಹೊರಡುವುದು ಸರಿಯಲ್ಲ ಎಂದು ನಾನು ಹೇಳುತ್ತಾ ಬಂದಿದ್ದೇನೆ. ಯಾರ ಎದುರು ಆಡುತ್ತೇವೆ ಎಂದು ಕೇಳಿ ಕಡಿಯಬೇಕು.

ಈಗಿನ ಕತ್ತರಿ ಬಹಳ ಸಲ ಏನನ್ನೂ ಕೇಳುವುದಿಲ್ಲ. ಒಂದು ಕಡೆಯವರು ನಮಗೆ ಫೋನು ಮಾಡಿ, ಮಹಿಷಾಸುರನ ಪ್ರವೇಶ ಮಾತ್ರ ಸಾಕು, ಇಪ್ಪತ್ತು ನಿಮಿಷ, ಆಮೇಲೆ ಊಟ ಅಂದರು. ಬೆಂಕಿ ಹಚ್ಚಲು ಸಭಾಂಗಣದವರು ಬಿಡುವುದಿಲ್ಲವಾದ್ದರಿಂದ ದೊಂದಿಯೂ ಇಲ್ಲ. ದೇವಿಯೇ ಬಾರದ ದೇವಿ ಮಹಾತ್ಮೆಗೆ ನಾವು ವೇಷ ಕಳಿಸಿದೆವು. ಅಲ್ಲಿನ ಮಕ್ಕಳು ಫೋಟೊ ತೆಗೆಸಿಕೊಂಡು ಸಂತೋಷಪಟ್ಟರಂತೆ. ಆ ಮಕ್ಕಳಿಗೆ ಕತೆ ಸಿಗಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಸಂಕಟ. ನಲವತ್ತು ನಿಮಿಷ ಕೊಟ್ಟಿದ್ದರೂ ಸಾಕಿತ್ತು, ಒಂದು ಕತೆ ಹುಟ್ಟಿ ಮುಗಿಯುತ್ತಿತ್ತು. ಮಕ್ಕಳು ಅರಗಿಸಿಕೊಳ್ಳಲಾರರು ಎನ್ನುವವರು 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪರು ಮತ್ತು ಶ್ರೀಧರ ಹಂದೆಯವರು ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳವನ್ನು ನೆನೆಯಬೇಕು. ಅಲ್ಲಿ ಮಕ್ಕಳೇ ಪ್ರಸಂಗ ಆಡುತ್ತಾರೆ, ಅರ್ಥವನ್ನೂ ಹೇಳುತ್ತಾರೆ.

ಹೊರಗಿನವರ ಎದುರು ಆಡುವಾಗಲೂ ಮಾತನ್ನು ಪೂರ್ತಿ ತೆಗೆಯಬೇಕೇ? ಕಾರಂತರ ಮೇಲೆ ನನಗಿರುವ ಗೌರವ ಎಷ್ಟು ದೊಡ್ಡದೋ ಈ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಅಷ್ಟೇ ಗಟ್ಟಿ: ತೆಗೆಯಬಾರದು. ಎಡಿನ್‌ಬರೊದ ನೆಲಮಾಳಿಗೆಯಲ್ಲಿ ಆ ನಟಿಯ ಮಾತು ಅರ್ಧ ನನಗೆ ಹೋಯಿತು ಎಂದೆನಲ್ಲ. ಹೋದ ಅರ್ಧವೂ ನನಗೆ ಬೇಕಾಗಿತ್ತು. ಅವಳ ಸ್ವರ ಎಲ್ಲಿ ಏರಿತು, ಎಲ್ಲಿ ನಿಂತಿತು, ಎಲ್ಲಿ ಒಡೆಯಿತು ಎಂಬುದರಿಂದಲೇ ತಾಯಿ ಸತ್ತದ್ದು ನನಗೆ ತಿಳಿದದ್ದು. ನಮ್ಮ ಮಾತಿಗೂ ಒಂದು ರಾಗವಿದೆ, ಪದ್ಯದ ಶ್ರುತಿಯಿಂದಲೇ ಎದ್ದು ಬರುವ ಮಾತು ಅದು. ಐದು ನಿಮಿಷ ಅದನ್ನು ಹಾಗೆಯೇ ಕನ್ನಡದಲ್ಲಿ ಬಿಟ್ಟರೆ ಯಾರೂ ಎದ್ದು ಹೋಗುವುದಿಲ್ಲ.

ಇನ್ನೊಂದು ಸಂಗತಿ ನಾನು ಅಲ್ಲಿಯವರಿಂದ ಕಲಿಯಬೇಕೆಂದು ಬಯಸುವುದು. ಆ ತಂಡಗಳು ಎಡಿನ್‌ಬರೊಕ್ಕೆ ಹೋಗುವ ಮುಂಚೆ ತಮ್ಮ ಊರಿನ ಸಣ್ಣ ಜಾಗಗಳಲ್ಲಿ, ಇನ್ನೂ ಪೂರ್ತಿಯಾಗದ ನಾಟಕವನ್ನೇ ಕಡಿಮೆ ದರಕ್ಕೆ ಆಡಿ ತೋರಿಸುತ್ತವೆ. ನೋಡಿದವರು ಎಲ್ಲಿ ಜಗ್ಗಿತು, ಎಲ್ಲಿ ಗಡಿಬಿಡಿಯಾಯಿತು ಎಂದು ಹೇಳುತ್ತಾರೆ, ತಂಡದವರು ತಿದ್ದುತ್ತಾರೆ. ನಮ್ಮಲ್ಲಿ ಹೊರದೇಶಕ್ಕೆಂದು ಕಡಿದ ಆಟವನ್ನು ಊರಿನವರು ಕಾಣುವುದೇ ಇಲ್ಲ. ವಿಮಾನ ಹತ್ತುವ ಹಿಂದಿನ ದಿನ ಯಾರದೋ ಮನೆ ಅಂಗಳದಲ್ಲಿ ಒಮ್ಮೆ ಓಡಿಸಿ ಮುಗಿಸುತ್ತಾರೆ. ಬೈಂದೂರಿನ ಲಾವಣ್ಯದಂಥ ಹವ್ಯಾಸಿ ರಂಗತಂಡಗಳು ಬೆಳೆಸಿದ ನಾಟಕದ ಪ್ರೇಕ್ಷಕರು ನಮ್ಮಲ್ಲಿದ್ದಾರೆ, ಆಟದ ರುಚಿ ಬಲ್ಲ ಹಿರಿಯರಿದ್ದಾರೆ. ಅವರ ಎದುರು ಆ ಎರಡು ಗಂಟೆಯ ಆಟ ನಿಲ್ಲದಿದ್ದರೆ ಅದನ್ನು ಎಲ್ಲಿಗೂ ಒಯ್ಯಬಾರದು.

ಮಗಳ ಕಡೆಯ ಕನ್ನಡ ಬಳಗದವರು ಮುಂದಿನ ವರ್ಷಕ್ಕೆ ಅಭಿಮನ್ಯು ಕಾಳಗ ಬೇಕೆಂದು ಕೇಳಿದ್ದಾರೆ. ಅರ್ಧ ಜನ ನಮ್ಮವರು, ಅರ್ಧ ಜನ ಅಲ್ಲಿಯವರು. ಸಿಗುವುದು ಒಂದೂಕಾಲು ಗಂಟೆ. ವೇಷ ಐದಕ್ಕೆ ಇಳಿಸಿದ್ದೇವೆ. ಚಕ್ರವ್ಯೂಹದ ಯುದ್ಧಕ್ಕೆ ಮಾತು ಬೇಡ, ಕುಣಿತವೇ ಸಾಕು. ಸುಭದ್ರೆ ಮಗನನ್ನು ತಡೆಯುವಲ್ಲಿ ಮಾತ್ರ ಅರ್ಥ ಪೂರ್ತಿ ಇರಬೇಕೆಂದು ನಾನು ಹಟ ಹಿಡಿದೆ, ವೇಷಧಾರಿಗಳೂ ಒಪ್ಪಿದರು. ಒಪ್ಪದವರು ಭಾಗವತರು. ಅಲ್ಲಿ ನಾಲ್ಕು ಪದ್ಯಗಳಿದ್ದರೆ ಎರಡನ್ನು ಬಿಡಿ ಎಂದದ್ದಕ್ಕೆ, "ಯಾವ್ದ್ ಬಿಡೂದ್ ಅಂದೇಳಿ ನೀವೇ ಹೇಳಿ ಕಾಂಬ" ಎಂದು ಪ್ರಸಂಗದ ಪುಸ್ತಕವನ್ನು ನನ್ನ ಮುಂದೆ ಸರಿಸಿದರು. ಮಳೆ ಹಿಡಿದು ಮೇಳಗಳು ಒಳಗೆ ಸೇರಿದ ಮೇಲೆ, ಜುಲೈ ಮೊದಲ ವಾರದಲ್ಲಿ ಶಾಲೆಯ ಸಭಾಂಗಣದಲ್ಲಿ ಎರಡೂ ರೀತಿ ಆಡಿಸಿ, ಊರವರನ್ನೇ ಕೇಳುವುದೆಂದು ಮಾತಾಗಿದೆ.